ವಾಲ್ತೇರು ಟೈಗರ್ಸ್ ತಂಡದ ಹದಿಮೂರನೆಯವನು

ಧನಂಜಯನನ್ನು ಮೊದಲ ಸಲ ಕಂಡವರು ಅವನ ಹೆಸರಿಗಿಂತ ಮುಂಚೆ ಅವನ ಎತ್ತರ ಕೇಳುತ್ತಿದ್ದರು. ಆರಡಿ ಐದಿಂಚು. ಅಪ್ಪ ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ಸಾಧಾರಣ ಮೈಕಟ್ಟಿನ ಮನುಷ್ಯ. ಮಗ ಯಾರನ್ನು ಹೋತಿದ್ದಾನೆಂದು ಅವರಿಗೇ ಸೋಜಿಗ. ಹೈಸ್ಕೂಲಿನಲ್ಲಿ ಬಾಗಿಲಿಗೆ ತಲೆ ತಗುಲತೊಡಗಿದಾಗ ಪಿ.ಟಿ. ಮೇಷ್ಟ್ರು ಅವನನ್ನು ಕರೆದು ಕೈಗೆ ಬಾಸ್ಕೆಟ್‌ಬಾಲ್ ಕೊಟ್ಟರು. ಆಟ ಒಲಿಯಿತು. ಬಹಳವೇನೂ ಅಲ್ಲ, ಕಡಿಮೆ ಬಿದ್ದದ್ದನ್ನು ಎತ್ತರ ತುಂಬಿಕೊಟ್ಟಿತು. ವಿಶ್ವವಿದ್ಯಾಲಯದ ತಂಡ, ಆಮೇಲೆ ಒಂದೆರಡು ವರ್ಷ ರಾಜ್ಯ ತಂಡ, ಆ ಬಲದ ಮೇಲೆ ಬ್ಯಾಂಕಿನಲ್ಲಿ ಕ್ಲರ್ಕ್ ಕೆಲಸ. ಪರೀಕ್ಷೆ ಬರೆದು ಆಫೀಸರ್ ಆದಾಗ ವರ್ಗವಾಗಿ ವಿಜಯವಾಡಕ್ಕೆ ಬಂದ. ಜೊತೆಗೆ ಹೆಂಡತಿ ಬಿಂದುಶ್ರೀ, ಆಗಿನ್ನೂ ತೊದಲು ಮಾತಾಡುತ್ತಿದ್ದ ಮಗಳು ಮೇಧಾ.

ಬ್ಯಾಂಕಿನಲ್ಲಿ ಅವನ ಮನಸ್ಸಿಗೆ ಚುಚ್ಚುತ್ತಿದ್ದ ಮಾತು ಒಂದೇ. ಲೆಕ್ಕದಲ್ಲಿ ಸಣ್ಣ ತಪ್ಪಾದರೂ ಸಾಕು, ಯಾರಾದರೂ ನಗುತ್ತಾ, "ಬಿಡಿ ಸಾರ್, ಅವರು ಆಟದ ಕೋಟಾದವರು" ಎನ್ನುತ್ತಿದ್ದರು. ಅವನೂ ನಗುತ್ತಿದ್ದ. ಆದರೆ ಆಟ ಬಿಟ್ಟು ವರ್ಷಗಳಾಗಿದ್ದವು. ಇತ್ತ ಆಟಗಾರನೂ ಅಲ್ಲ, ಅತ್ತ ಪೂರ್ತಿ ಬ್ಯಾಂಕಿನವನೂ ಅಲ್ಲ ಎಂಬ ಹಾಗೆ ಕೌಂಟರಿನ ಹಿಂದೆ ಬೆನ್ನು ಬಗ್ಗಿಸಿ ಕೂರುತ್ತಿದ್ದ.

ಹೀಗಿರುವಾಗ, ಎರಡು ಸಾವಿರದ ಏಳರ ಕೊನೆಯಲ್ಲಿ, ದಕ್ಷಿಣದ ಕೆಲವು ಊರುಗಳನ್ನು ಸೇರಿಸಿ ಬಾಸ್ಕೆಟ್‌ಬಾಲ್ ಲೀಗ್ ಒಂದು ಶುರುವಾಗುತ್ತದೆಂಬ ಸುದ್ದಿ ಬಂತು. ವಿಶಾಖಪಟ್ಟಣದ ತಂಡ ಕೊಂಡವರು ಕಾಮೇಶ್ವರ ರಾವು, ಸಿಗಡಿ ಸಾಕಿ ಹೊರದೇಶಕ್ಕೆ ಕಳಿಸುವ ವ್ಯಾಪಾರದವರು. ಊರಿನ ಹಳೆಯ ಹೆಸರು ಹಿಡಿದು ತಂಡಕ್ಕೆ ವಾಲ್ತೇರು ಟೈಗರ್ಸ್ ಎಂದು ಹೆಸರಿಟ್ಟರು. ಊರಿನವರೆಲ್ಲ ಹುಲಿ ಎಂದುಕೊಂಡರು. ರಾವು ಅವರ ಮನಸ್ಸಿನಲ್ಲಿದ್ದದ್ದು ಟೈಗರ್ ಸಿಗಡಿ. ಅವರಿಗೆ ಅನ್ನ ಕೊಟ್ಟದ್ದು ಅದೇ ತಾನೆ. ಪಂದ್ಯಗಳು ಮೊದಲು ವಿಶಾಖಪಟ್ಟಣದಲ್ಲಿ, ಆಮೇಲೆ ವಿಜಯವಾಡದಲ್ಲಿ ಎಂದು ನಿಗದಿಯಾಯಿತು.

ಧನಂಜಯ ಆಯ್ಕೆಗೆ ಹೋದ. ಹುಡುಗರ ನಡುವೆ ಓಡುವಾಗ ಮೂವತ್ತೇಳರ ಮಂಡಿ ಕಿರ್ ಎನ್ನುತ್ತಿತ್ತು. ಆದರೂ ಕೋಚ್ ದುರ್ಗಾಪ್ರಸಾದ್, ರೈಲ್ವೆಯಲ್ಲಿ ಆಡಿ ನಿವೃತ್ತರಾದವರು, ಅವನ ಭುಜದ ಮೇಲೆ ಕೈ ಹಾಕಿ, "ಧನಂಜಯ ಗಾರೂ, ನೀವು ಬೇಕು. ಹುಡುಗರ ನಡುವೆ ಒಬ್ಬ ಹಿರಿಯರಿರಬೇಕು" ಎಂದರು. ಅದರ ಅರ್ಥವೇನೆಂದು ಆಗ ಅವನು ಕೇಳಲಿಲ್ಲ.

ಬ್ಯಾಂಕು ರಜೆ ಕೊಟ್ಟಿತು. ಬ್ರಾಂಚಿನಲ್ಲಿ ಹಾರ ಹಾಕಿ ಶಾಲು ಹೊದಿಸಿದರು. ಕೋಟಾ ಎಂದು ಆಡಿಕೊಳ್ಳುತ್ತಿದ್ದವರೇ, "ನಮ್ಮ ಬ್ರಾಂಚಿನ ಹುಲಿ" ಎಂದು ಭಾಷಣ ಮಾಡಿದರು. ಅವರಿದ್ದ ಮೊಗಲರಾಜಪುರದ ಅಪಾರ್ಟ್‌ಮೆಂಟಿನಲ್ಲಂತೂ ಸುದ್ದಿ ಮನೆಮನೆಗೆ ಮುಟ್ಟಿತು. ಮುಟ್ಟಿಸಿದವಳು ಮೇಧಾ. ಆಗ ಅವಳು ನಾಲ್ಕನೇ ಕ್ಲಾಸು. ಅಪ್ಪ ಅಮ್ಮನೊಂದಿಗೆ ಮಾತ್ರ ಕನ್ನಡ, ಉಳಿದ ಇಡೀ ಲೋಕದೊಂದಿಗೆ ತೆಲುಗು. ಕೆಳಗಿನ ಮನೆಯ ಶ್ರಾವಣಿ ಅವಳ ಜೀವದ ಗೆಳತಿ. ಇಬ್ಬರೂ ಸೇರಿ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ, "ಮೇಧಾ ಅಪ್ಪ ಟೈಗರ್ಸ್‌ಗೆ ಆಡ್ತಾರೆ, ಗೊತ್ತಾ?" ಎಂದು ಹೇಳುವುದೇ ಕೆಲಸವಾಯಿತು.

ತಂಡವನ್ನು ಇಳಿಸಿದ್ದು ವಿಶಾಖಪಟ್ಟಣದ ಅಂಚಿನ ಮಧುರವಾಡದಲ್ಲಿ, ಇನ್ನೂ ಬಣ್ಣ ಕಾಣದ ಒಂದು ಕಟ್ಟಡದಲ್ಲಿ. ಸುತ್ತ ಎಲ್ಲಿ ನೋಡಿದರೂ ಏಳುತ್ತಿದ್ದ ಫ್ಲಾಟುಗಳು, ಕಾಂಕ್ರೀಟು ಕಲಸುವ ಸದ್ದು. ಹತ್ತಿರದ ಕಾಲೇಜಿನ ಅಂಗಳದಲ್ಲಿ ಬೆಳಿಗ್ಗೆ ಸಂಜೆ ಅಭ್ಯಾಸ. ಊಟಕ್ಕೆ ದಿನವೂ ರಾವು ಅವರು ಕಳಿಸುವ ಸಿಗಡಿ. ಮೊದಲ ವಾರ ಹಬ್ಬ, ಎರಡನೇ ವಾರ ಶಿಕ್ಷೆ. ಹುಡುಗರು ಇಪ್ಪತ್ತೆರಡು, ಇಪ್ಪತ್ತಮೂರರವರು. ಧನಂಜಯನನ್ನು "ಅಣ್ಣಾ" ಎನ್ನುತ್ತಿದ್ದರು. ಅವರ ಕಾಲಿಗೆ ಟೇಪು ಸುತ್ತಿಕೊಡುವುದು, ನೀರಿನ ಬಾಟಲಿ ತುಂಬಿಸಿಡುವುದು, ಜಗಳ ಬಿಡಿಸುವುದು ತಾನಾಗಿಯೇ ಅವನ ಪಾಲಿಗೆ ಬಂತು. ಹಿರಿಯರೊಬ್ಬರು ಬೇಕು ಎಂದರೆ ಇದು.

ಮೊದಲ ಪಂದ್ಯದಲ್ಲಿ ಅವನನ್ನು ಇಳಿಸಲಿಲ್ಲ. ಎರಡನೆಯದರಲ್ಲೂ ಇಲ್ಲ. ಹನ್ನೆರಡು ಜನರ ತಂಡದ ಬೆಂಚಿನ ಕೊನೆಯಲ್ಲಿ ಟವೆಲ್ ಹೊದ್ದು ಕೂತು, ಕೋಚ್ ಈ ಕಡೆ ತಿರುಗಿದಾಗಲೆಲ್ಲ ಬೆನ್ನು ನೇರ ಮಾಡಿಕೊಳ್ಳುತ್ತಿದ್ದ. ಕೋಚ್ ಅವನ ಪಕ್ಕದವನನ್ನು ಕರೆಯುತ್ತಿದ್ದರು.

ಸುಳ್ಳು ಶುರುವಾದದ್ದು ಮೊದಲ ಪಂದ್ಯದ ಮಾರನೆಯ ಬೆಳಿಗ್ಗೆ. ಮೇಧಾ ಫೋನ್ ಮಾಡಿ, "ಅಪ್ಪಾ, ಎಷ್ಟು ಪಾಯಿಂಟ್ ಹಾಕ್ದೆ?" ಎಂದಳು. ನಿಜ ಹೇಳಬೇಕೆಂದೇ ಅವನು ಬಾಯಿ ತೆರೆದದ್ದು. ಅಷ್ಟರಲ್ಲಿ ಅವಳ ಪಕ್ಕದಲ್ಲಿ ಶ್ರಾವಣಿ ತೆಲುಗಿನಲ್ಲಿ, "ಎಷ್ಟಂತೆ, ಎಷ್ಟಂತೆ?" ಎಂದು ಕೇಳಿದ್ದು ಕಿವಿಗೆ ಬಿತ್ತು.

"ಆರು" ಎಂದ.

ಆ ಆರು ಅಂಕ ತಂಡದಲ್ಲಿದ್ದ ಗಾಜುವಾಕದ ಒಬ್ಬ ಹುಡುಗನದು. ಮುಂದಿನ ಸಲ ಎಂಟಾಯಿತು. ಅದರ ಮುಂದಿನ ಸಲ, ನಂಬುವ ಹಾಗಿರಲೆಂದು, ನಾಲ್ಕಕ್ಕೆ ಇಳಿಸಿದ. ಆ ಪಂದ್ಯಗಳನ್ನು ಟಿ.ವಿ.ಯಲ್ಲಿ ತೋರಿಸುತ್ತಿರಲಿಲ್ಲ, ಪತ್ರಿಕೆಗಳಲ್ಲಿ ಬರುತ್ತಿದ್ದದ್ದು ಸೋತ ಸುದ್ದಿ ಮಾತ್ರ, ಅದೂ ಮೂಲೆಯಲ್ಲಿ. ಸಿಕ್ಕಿಬೀಳುವ ಭಯ ಇರಲಿಲ್ಲ. ಆದರೆ ಫೋನ್ ಇಟ್ಟ ಮೇಲೆ, ಮಧುರವಾಡದ ಆ ಬಣ್ಣವಿಲ್ಲದ ಗೋಡೆಗೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತಿರುತ್ತಿದ್ದ. ಯಾರ ಮುಖವನ್ನೂ ನೋಡಲಾಗುತ್ತಿರಲಿಲ್ಲ.

ಫೆಬ್ರವರಿಯಲ್ಲಿ ತಂಡ ರೈಲು ಹತ್ತಿ ವಿಜಯವಾಡಕ್ಕೆ ಬಂತು. ಅದೇ ದಿನ ಪಂಜಾಬಿನಿಂದ ಹೊಸಬನೊಬ್ಬ ಗನ್ನವರಂ ವಿಮಾನ ನಿಲ್ದಾಣದಲ್ಲಿ ಬಂದಿಳಿದ. ಧನಂಜಯನಿಗಿಂತ ಎರಡಿಂಚು ಎತ್ತರ, ಹದಿನೈದು ವರ್ಷ ಚಿಕ್ಕವ. ಅಲ್ಲಿಗೆ ಆಟಗಾರರು ಹದಿಮೂರಾದರು. ಅಂಗಿ ಹನ್ನೆರಡೇ.

ದುರ್ಗಾಪ್ರಸಾದ್ ಧನಂಜಯನನ್ನು ಪಕ್ಕಕ್ಕೆ ಕರೆದು, ಇನ್ನು ಅವನಿಗೆ ಅಂಗಿ ಇಲ್ಲವೆಂದು ಹೇಳಿದರು. ನೆಲ ನೋಡಿಕೊಂಡೇ ಹೇಳಿದರು. ಮಾರನೆಯ ಸಂಜೆ ಊರಿನ ಮೊದಲ ಪಂದ್ಯ. ಬ್ರಾಂಚಿನವರಿಗೆಲ್ಲ ಟಿಕೆಟ್ ಮುಟ್ಟಿಯಾಗಿತ್ತು. ಮೇಧಾ ಅಪಾರ್ಟ್‌ಮೆಂಟಿನ ಮಕ್ಕಳನ್ನೆಲ್ಲ ಕರೆದಿದ್ದಳು.

ಅವನು ಹೋಟೆಲಿನ ಕೋಣೆಯಿಂದ ಮನೆಗೆ ಫೋನ್ ಮಾಡಿದ. "ಬಿಂದು, ಕಾಲು ಉಳುಕಿಬಿಡ್ತು ಕಣೆ. ನಾಳೆ ಆಡಾಕಾಗಲ್ಲ. ನೀವು ಬರಬೇಡಿ."

"ಅಯ್ಯೋ, ಜಾಸ್ತಿ ನೋವಾ? ಮನೆಗೆ ಬನ್ನಿ ಮತ್ತೆ."

"ಇಲ್ಲ, ಡಾಕ್ಟ್ರು ಇಲ್ಲೇ ಇರು ಅಂದವ್ರೆ."

"ಮೇಧಾ ಎಲ್ಲಾರ್ನೂ ಕರ್ದುಬಿಟ್ಟವ್ಳೆ ಕಣ್ರೀ. ಬರಬೇಡಿ ಅಂದ್ರೆ ಹೆಂಗೆ? ನೋಡ್ಕೊಂಡು ಬರ್ತೀವಿ ಬಿಡಿ" ಎಂದಳು ಬಿಂದುಶ್ರೀ.

ಮಾರನೆಯ ಮಧ್ಯಾಹ್ನ ರಾವು ಅವರೇ ಕ್ರೀಡಾಂಗಣಕ್ಕೆ ಬಂದರು. ತಂಡಕ್ಕೊಂದು ಗುರುತಿನ ಬೊಂಬೆ ಇತ್ತು, ಸಿನಿಮಾದವರಿಂದ ಮಾಡಿಸಿದ ಸಿಗಡಿ ವೇಷ: ಕಿತ್ತಳೆ ಬಣ್ಣದ ಸ್ಯಾಟಿನ್, ಒಳಗೆ ಸ್ಪಂಜು, ಮೈಮೇಲೆ ಕಪ್ಪು ಪಟ್ಟೆ, ಹಣೆಯಿಂದ ಚಾಚಿದ ಎರಡು ಉದ್ದ ಮೀಸೆ, ಹೊಟ್ಟೆಯಿಂದ ಜೋತಾಡುವ ಪುಟ್ಟ ಕಾಲುಗಳು. ಅದನ್ನು ತೊಡುತ್ತಿದ್ದ ಆರ್ಕೆಸ್ಟ್ರಾದ ಹುಡುಗನಿಗೆ ಕಾಮಾಲೆಯಾಗಿತ್ತು. ವೇಷ ದೊಡ್ಡದು, ಗಿಡ್ಡ ಆಳು ತೊಟ್ಟರೆ ಬಾಲ ನೆಲ ಗುಡಿಸುತ್ತದೆ.

"ಇವತ್ತೊಂದು ದಿನ, ಧನಂಜಯ ಗಾರೂ" ಎಂದರು ರಾವು, ಕೈಯನ್ನೇ ಹಿಡಿದುಕೊಂಡು. "ನಿಮ್ಮ ಎತ್ತರಕ್ಕೆ ಸರಿಯಾಗಿ ಕೂರುತ್ತದೆ. ಮುಂದಿನ ಪಂದ್ಯ ನಿಮ್ಮನ್ನು ಆಡಿಸಲು ನಾನೇ ಹೇಳುತ್ತೇನೆ."

ಆಗುವುದಿಲ್ಲ ಎನ್ನಬಹುದಿತ್ತು. ಮೇಲೆ ಬಿದ್ದು ಬಲವಂತ ಮಾಡುವ ಜನವಲ್ಲ ಅವರು. ಆದರೆ ಧನಂಜಯನಿಗೆ ಆ ಕ್ಷಣ ಹೊಳೆದದ್ದೇ ಬೇರೆ. ಅಂಗಿಯಿಲ್ಲದೆ ಪ್ಯಾಂಟು ಶರ್ಟಿನಲ್ಲಿ ಮೂಲೆಯಲ್ಲಿ ನಿಂತರೆ ಬ್ರಾಂಚಿನವರ ಕಣ್ಣಿಗೆ ಬೀಳುತ್ತಾನೆ, ಕಾಲು ನೋಡಲು ಬರುತ್ತಾರೆ. ಈ ಸ್ಪಂಜಿನೊಳಗೆ ಹೊಕ್ಕರೆ ಅವನು ಎಲ್ಲಿಯೂ ಇಲ್ಲ. ಒಪ್ಪಿಕೊಂಡದ್ದು ರಾವು ಅವರ ದಾಕ್ಷಿಣ್ಯಕ್ಕಲ್ಲ, ಬಚ್ಚಿಟ್ಟುಕೊಳ್ಳಲು.

ಒಳಗೆ ಬೇರೆಯವನ ಬೆವರಿನ ವಾಸನೆ. ಸಿಗಡಿಯ ಬಾಯಿಯ ಬಲೆಯಿಂದ ಅಂಗೈಯಗಲ ಲೋಕ ಕಾಣುತ್ತಿತ್ತು. ಮೊದಲರ್ಧವೆಲ್ಲ ಅವನು ಗೋಡೆಯ ಪಕ್ಕ ಸುಮ್ಮನೆ ಕೈ ಬೀಸುತ್ತ ಅಡ್ಡಾಡಿದ. ವಿರಾಮದಲ್ಲಿ ಹಾಡು ಹಾಕಿದರು. ನಡುಮೈದಾನಕ್ಕೆ ಹೋಗೆಂದು ಯಾರೋ ತಳ್ಳಿದರು. ಅವನು ಒಂದು ಹೆಜ್ಜೆ ಕುಣಿದ, ಜನ ನಕ್ಕರು. ಇನ್ನೊಂದು ಹೆಜ್ಜೆ ಹಾಕಿದ, ಸಿಳ್ಳೆ ಬಿತ್ತು. ಇಡೀ ಋತುವಿನಲ್ಲಿ ತನಗಾಗಿ ಬಿದ್ದ ಮೊದಲ ಚಪ್ಪಾಳೆ ಅದು. ಅದು ತಲೆಗೇರಿತು. ಬಾಲ ಅಲ್ಲಾಡಿಸಿದ, ರೆಫರಿಯ ಹಿಂದೆ ಕಳ್ಳಹೆಜ್ಜೆ ಇಟ್ಟು ಮೀಸೆಯಿಂದ ಚುಚ್ಚಿದ. ಯಾರೋ ಚೆಂಡು ಎಸೆದರು. ಮೈಮರೆತು ಎರಡು ಸಲ ಪುಟಿಸಿ, ಬುಟ್ಟಿಗೆ ಬೆನ್ನು ಮಾಡಿ, ತನ್ನ ಹಳೆಯ ಅಭ್ಯಾಸದಂತೆ ಎಡಗೈಯನ್ನು ತಲೆಯ ಮೇಲಿನಿಂದ ಕಮಾನಿನಂತೆ ತಂದು ಎಸೆದುಬಿಟ್ಟ. ಚೆಂಡು ಬಲೆಯೊಳಗೆ ಸೊರ್ರೆಂದು ಇಳಿಯಿತು. ಕ್ರೀಡಾಂಗಣವೆಲ್ಲ ಹೋ ಎಂದಿತು. ಧನಂಜಯ ಸ್ಪಂಜಿನೊಳಗೆ ಒಬ್ಬನೇ ನಗುತ್ತಿದ್ದ.

ಮಕ್ಕಳು ಕೈಕುಲುಕಲು ಓಡಿಬಂದು ಸುತ್ತ ಮುತ್ತಿಕೊಂಡರು. ಬಲೆಯಾಚೆ ಒಂದೊಂದೇ ಮುಖ ಬಂದು ಹೋಗುತ್ತಿತ್ತು. ಅದರಲ್ಲೊಂದು ಮೇಧಾಳದು. ಪಕ್ಕದಲ್ಲಿ ಶ್ರಾವಣಿ, ಹಿಂದೆ ಅಪಾರ್ಟ್‌ಮೆಂಟಿನ ಇನ್ನೂ ನಾಲ್ಕೈದು ಮಕ್ಕಳು. ಮೇಧಾ ಸಿಗಡಿಯ ಒಂದು ಕಾಲು ಹಿಡಿದು ಹತ್ತಿರ ಬಂದು, ಕತ್ತೆತ್ತಿ, ಮೆಲ್ಲಗೆ ಕರೆದಳು: "ಅಪ್ಪಾ?"

ಅವನ ನಗು ಹಾಗೇ ನಿಂತುಹೋಯಿತು. ಮಗಳ ಹಿಂದಿನ ಆ ಐದಾರು ಮುಖಗಳು ಕಂಡವು. ಆರು, ಎಂಟು, ನಾಲ್ಕು ಎಂಬ ಅಂಕಗಳು ಕಂಡವು. ಅವರ ಹಿಂದೆ ಎಲ್ಲೋ ಇಡೀ ಬ್ರಾಂಚು ಕೂತಿದೆ. ಗಂಟಲು ದಪ್ಪ ಮಾಡಿಕೊಂಡು, ತೆಲುಗಿನಲ್ಲಿ, ಅಪರಿಚಿತನ ದನಿಯಲ್ಲಿ ಅವನೆಂದ: "ಎವರಮ್ಮಾ ನುವ್ವು?"

ಯಾರಮ್ಮಾ ನೀನು ಎಂದು ತನ್ನ ಮಗಳನ್ನೇ ಕೇಳಿದ.

ಮೇಧಾ ಹಿಡಿದಿದ್ದ ಕಾಲು ಬಿಟ್ಟಳು. "ನೋಡಿದೆಯಾ, ಅಂಕಲ್ ಅಲ್ಲ ಅಂತ ನಾನು ಹೇಳಲಿಲ್ವಾ" ಎಂದಳು ಶ್ರಾವಣಿ ತೆಲುಗಿನಲ್ಲಿ. ಮಕ್ಕಳು ನಕ್ಕರು. ಮೇಧಾ ನಗಲಿಲ್ಲ, ಅಳಲೂ ಇಲ್ಲ. ಆ ಬಲೆಯನ್ನೇ ಒಂದು ಕ್ಷಣ ದಿಟ್ಟಿಸಿ ನೋಡಿದಳು. ಒಳಗಿದ್ದವನಿಗೆ ಅವಳ ಕಣ್ಣು ತನ್ನ ಕಣ್ಣಿಗೇ ನೆಟ್ಟಂತಾಯಿತು. ಆಮೇಲೆ ತಿರುಗಿ ಮೆಟ್ಟಿಲು ಹತ್ತಿ ಹೋದಳು.

ಮಾರನೆಯ ಬೆಳಿಗ್ಗೆ ಅವನು ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡು, ಕುಂಟುತ್ತಾ ಮನೆಗೆ ಹೋದ. ಆಟೋ ಇಳಿದು ಲಿಫ್ಟಿನವರೆಗೂ ಕುಂಟಿದ. ಬಿಂದುಶ್ರೀ ಬಾಗಿಲು ತೆಗೆದು, ಕಾಲನ್ನೂ ಮುಖವನ್ನೂ ನೋಡಿ, "ಬಿಚ್ಚಿಡಿ, ಒಗೆಯಾಕೆ ಹಾಕ್ತೀನಿ" ಎಂದಳು. ಅಷ್ಟೇ.

ಅವನು ಸೋಫಾದಲ್ಲಿ ಕೂತು ಬ್ಯಾಂಡೇಜು ಬಿಚ್ಚಿದ. ಅಷ್ಟು ಉದ್ದದ ಬಟ್ಟೆ ಅದು ಎಂದು ಸುತ್ತುವಾಗ ಗೊತ್ತಾಗಿರಲಿಲ್ಲ.

ಬಿಂದುಶ್ರೀ ಅಡುಗೆಮನೆಯ ಬಾಗಿಲಲ್ಲಿ ನಿಂತು ದನಿ ಏರಿಸದೆ ಹೇಳಿದಳು. "ಎಡಗೈಲಿ ಬಾಲ್ ಎಸೆದ್ರಲ್ಲ, ಅವಾಗ ಎದ್ದು ನಿಂತ್ಕೊಂಬಿಟ್ಲು. ಅದು ನಮ್ಮಪ್ಪ ಅಂತ ಇಡೀ ಸಾಲಿಗೇ ಕೇಳೋ ಹಂಗೆ ಕೂಗಿದ್ಲು. ಅಷ್ಟೆತ್ತರ ಇನ್ಯಾರವ್ರೆ ಹೇಳಿ ಈ ಊರಲ್ಲಿ? ಖುಷೀಲಿ ಕುಣೀತಿದ್ಲು ಕಣ್ರೀ. ಕಾಲು ನೋವು ಅಂತ ಸುಳ್ಳು ಹೇಳಿ, ನಮ್ಗೆ ತಮಾಷೆ ತೋರ್ಸಾಕೆ ಬಂದವ್ರೆ ಅಂದ್ಕೊಂಡ್ಲು. ತೋರಿಸ್ತೀನಿ ಬನ್ನಿ ಅಂತ ಎಲ್ಲಾರ್ನೂ ಕೈ ಹಿಡ್ಕೊಂಡು ಕೆಳಗೆ ಕರ್ಕೊಂಡು ಬಂದ್ಲು."

ಧನಂಜಯ ಬಿಚ್ಚಿದ ಬಟ್ಟೆಯನ್ನು ಉಂಡೆ ಸುತ್ತತೊಡಗಿದ.

"ವಾಪಸ್ ಬಂದವ್ಳು ಮನೆ ಮುಟ್ಟೋವರ್ಗೂ ಬಾಯಿ ಬಿಡ್ಲಿಲ್ಲ. ದಾರಿಯೆಲ್ಲಾ ಶ್ರಾವಣಿ ಸುಳ್ಳಿ ಸುಳ್ಳಿ ಅಂತಿದ್ಲು." ಆಮೇಲೆ ಕೇಳಿದಳು: "ಆ ಆರು, ಎಂಟು ಅಂತಿದ್ರಲ್ಲ, ಅದಾದ್ರೂ?"

"ಒಂದೂ ಇಲ್ಲ. ಇಳಿಸ್ಲೇ ಇಲ್ಲ ನನ್ನ."

ಅವಳು ಬ್ಯಾಂಡೇಜಿನ ಉಂಡೆ ತೆಗೆದುಕೊಂಡು ಒಳಗೆ ಹೋದಳು. ಬೈದಿದ್ದರೆ ಎಷ್ಟೋ ಸಲೀಸಾಗುತ್ತಿತ್ತು.

ಮೇಧಾ ಸ್ಕೂಲಿನಿಂದ ಬಂದಾಗ ಅವನು, "ಊಟ ಆಯ್ತೇನೆ ಮಗಾ?" ಎಂದು ಕೇಳಿದ. ಅವಳು ಚೀಲ ಇಳಿಸುತ್ತಾ, "ತಿನ್ನಾನಂಡಿ" ಎಂದಳು. ತಿಂದೆ ರೀ ಎಂದು, ಹೊರಗಿನ ಹಿರಿಯರಿಗೆ ಹೇಳುವ ಮರ್ಯಾದೆಯ ತೆಲುಗಿನಲ್ಲಿ. ಮೊದಲು ಅವನಿಗೆ ತಮಾಷೆ ಎನಿಸಿತು. ನೀರು ಬೇಕಾ ಎಂದ. "ಒದ್ದಂಡಿ", ಅಂದರೆ ಬೇಡ ರೀ, ಎಂದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಬ್ಯಾಂಕಿಗೆ ಬರುವ ಮಕ್ಕಳು ಅವನೊಂದಿಗೆ ಮಾತಾಡುವುದು ಹೀಗೆಯೇ. ಅಮ್ಮನೊಡನೆ ಮೊದಲಿನಂತೆ ಕನ್ನಡದಲ್ಲಿ ಹರಟುತ್ತಿದ್ದಳು. ಅಪ್ಪ ಕೋಣೆಗೆ ಬಂದರೆ ಮಾತು ನಿಲ್ಲುತ್ತಿತ್ತು. ಯಾರು ನೀನು ಎಂದು ಅವನು ಕೇಳಿದ್ದ ಪ್ರಶ್ನೆಗೆ ಒಂಬತ್ತು ವರ್ಷದ ಹುಡುಗಿ ತನಗೆ ತೋಚಿದ ಉತ್ತರ ಕೊಡುತ್ತಿದ್ದಳು.

ಎರಡು ದಿನ ಅಭ್ಯಾಸದ ನಡುವೆ ಮನೆಗೆ ಬಂದು ಹೋಗುತ್ತಾ ನೋಡಿದ. ಮೂರನೆಯ ಬೆಳಿಗ್ಗೆ ಹೋಟೆಲಿನಿಂದ ನೇರ ಅಪಾರ್ಟ್‌ಮೆಂಟಿನ ಗೇಟಿಗೆ ಬಂದ. ಸ್ಕೂಲ್ ವ್ಯಾನಿಗೆ ಕಾಯುತ್ತಾ ಮಕ್ಕಳು ನಿಂತಿದ್ದರು. ಬಿಡಲು ಬಂದ ತಾಯಂದಿರೂ ಇದ್ದರು, ಶ್ರಾವಣಿಯ ಅಜ್ಜಿ ಸೂರ್ಯಕಾಂತಮ್ಮನೂ ಇದ್ದರು. ಮೇಧಾ ಅವನನ್ನು ಕಂಡು ಬೇರೆ ಕಡೆ ತಿರುಗಿದಳು. ಧನಂಜಯ ಶ್ರಾವಣಿಯ ಮುಂದೆ ಮಂಡಿಯೂರಿ ಕೂತ. ಆಗ ಅವನ ಮುಖ ಅವಳ ಮುಖದ ಮಟ್ಟಕ್ಕೆ ಬಂತು.

"ಅವತ್ತು ಸಿಗಡಿ ವೇಷ ಹಾಕಿದ್ದು ನಾನೇ, ಶ್ರಾವಣಿ" ಎಂದ ತೆಲುಗಿನಲ್ಲಿ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. "ಮೇಧಾ ಹೇಳಿದ್ದು ನಿಜ. ಸುಳ್ಳು ಹೇಳಿದವನು ನಾನು. ಪಾಯಿಂಟ್ ಹಾಕಿದೆ ಅಂತ ಹೇಳ್ತಿದ್ದದ್ದೂ ಸುಳ್ಳೇ. ನಾನು ಒಂದು ಪಂದ್ಯವನ್ನೂ ಆಡಿಲ್ಲ."

ತಾಯಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಹುಡುಗ ಕಿಸಕ್ಕೆಂದ. ಶ್ರಾವಣಿ ಗಂಭೀರವಾಗಿ ಯೋಚಿಸಿ, "ಸಿಗಡಿ ಡ್ಯಾನ್ಸ್ ಚೆನ್ನಾಗಿತ್ತಲ್ಲ ಅಂಕಲ್. ಮತ್ತೆ ಯಾಕೆ ಅಲ್ಲ ಅಂದಿರಿ?" ಎಂದು ಕೇಳಿದಳು.

"ನಾಚಿಕೆಯಾಯಿತು" ಎಂದ.

"ಮೇಧಾನ್ನ ನೋಡಿಯಾ?"

"ಅಲ್ಲಮ್ಮಾ" ಎಂದ ಗಾಬರಿಯಾಗಿ. "ಅಲ್ಲ, ಅಲ್ಲ."

ಅಷ್ಟರಲ್ಲಿ ವ್ಯಾನು ಬಂತು. ಮೇಧಾ ಅವನ ಕಡೆ ನೋಡದೆ ಹತ್ತಿ, ಆಚೆ ಕಿಟಕಿಯ ಪಕ್ಕ ಕೂತಳು. ಮಂಡಿಯೂರಿದ್ದವನಿಗೆ ಏಳಲು ಕಷ್ಟವಾಯಿತು. ಸೂರ್ಯಕಾಂತಮ್ಮ ಕೈ ಕೊಟ್ಟು, "ಲೇಯಿ ನಾಯನಾ", ಅಂದರೆ ಏಳಪ್ಪಾ, ಎಂದರು. ಆ ಮಾತಿನಲ್ಲಿದ್ದ ಕನಿಕರ ಅವನನ್ನು ಇನ್ನಷ್ಟು ಕುಗ್ಗಿಸಿತು.

ಅಷ್ಟು ಹೊತ್ತಿಗೆ ತಂಡವೂ ಉದುರತೊಡಗಿತ್ತು. ಸೋಲಿನ ಮೇಲೆ ಸೋಲು, ಖಾಲಿ ಕುರ್ಚಿಗಳು. ಪಂಜಾಬಿನವನು ಮನೆಯಲ್ಲಿ ಮದುವೆ ಎಂದು ಹೋದವನು ಬರಲೇ ಇಲ್ಲ. ಇಬ್ಬರಿಗೆ ಪೆಟ್ಟಾಗಿತ್ತು. ಕೊನೆಯ ಪಂದ್ಯಕ್ಕೆ ಅಂಗಿಗಳು ಹನ್ನೆರಡಿದ್ದವು, ತೊಡುವವರು ಅಷ್ಟಿರಲಿಲ್ಲ. ದುರ್ಗಾಪ್ರಸಾದ್ ಕೊನೆಯ ಕಾಲುಭಾಗದಲ್ಲಿ ಬೆಂಚಿನ ತುದಿಗೆ ನೋಡಿ, "ಧನಂಜಯ ಗಾರೂ" ಎಂದರು. ಋತುವಿನಲ್ಲಿ ಮೊದಲ ಸಲ.

ಅವನು ಬ್ರಾಂಚಿನವರನ್ನಾಗಲಿ ಮನೆಯವರನ್ನಾಗಲಿ ಕರೆದಿರಲಿಲ್ಲ. ನಾಲ್ಕೈದು ನಿಮಿಷ ಓಡಿದ. ಮಧುರೆಯ ತಂಡದ ಹುಡುಗರು ಅವನ ಎಡಬಲದಿಂದ ಗಾಳಿಯಂತೆ ನುಗ್ಗಿ ಹೋಗುತ್ತಿದ್ದರು. ತಡೆಯಲು ಹೋಗಿ ಮೂರು ಫೌಲ್ ಮಾಡಿದ. ಚೆಂಡು ಕೈಗೆ ಬಂದದ್ದು ಎರಡು ಸಲ. ಒಮ್ಮೆ ಎಡಗೈಯಿಂದ ಎಸೆದ. ಅದು ಬುಟ್ಟಿಯ ಕಂಬಿಗೆ ಬಡಿದು ಆಚೆ ಹಾರಿತು. ಪಂದ್ಯ ಮುಗಿಯಿತು, ಟೈಗರ್ಸ್ ಸೋತಿತು. ರಾವು ಅವರು ಎಲ್ಲರಿಗೂ ಶಾಲು ಹೊದಿಸಿ ಫೋಟೋ ತೆಗೆಸಿದರು; ಮುಂದಿನ ವರ್ಷ ನೋಡೋಣ ಎಂದರು. ಮುಂದಿನ ವರ್ಷ ಆ ಲೀಗೇ ಇರಲಿಲ್ಲ.

ಮನೆಗೆ ಹೋದವನು ಬಿಂದುಶ್ರೀ ಕೇಳುವ ಮೊದಲೇ ಹೇಳಿದ: "ಆಡಿದೆ ಕಣೆ ಇವತ್ತು. ಪಾಯಿಂಟ್ ಏನೂ ಇಲ್ಲ. ಮೂರು ಫೌಲು." ಒಳಗಿನ ಕೋಣೆಯಲ್ಲಿ ಮೇಧಾ ಓದಿಕೊಳ್ಳುತ್ತಿದ್ದಳು. ಪುಟ ತಿರುವಿದ ಸದ್ದು ಕೇಳಿಸಿತು.

ಬ್ಯಾಂಕಿಗೆ ಮರಳಿದ ದಿನ ಅಲ್ಲೂ ಅದನ್ನೇ ಹೇಳಿದ, ಸಿಗಡಿಯ ವಿಷಯವನ್ನೂ ಸೇರಿಸಿ. ಜನ ಒಂದಷ್ಟು ದಿನ ನಕ್ಕರು. "ರೊಯ್ಯಲ ಸಾರು", ಅಂದರೆ ಸಿಗಡಿ ಸಾರ್, ಎಂದು ಹೆಸರಿಟ್ಟರು. ಆಮೇಲೆ ಮಾರ್ಚಿನ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ ಅದೂ ಹಳತಾಯಿತು. ಅವನು ಅಂಜಿದ್ದಷ್ಟು ದೊಡ್ಡ ಅವಮಾನ ಅದಾಗಿರಲೇ ಇಲ್ಲ. ಇಷ್ಟಕ್ಕಾಗಿ ತಾನು ಮಗಳ ಕೈ ಬಿಡಿಸಿಕೊಂಡೆನಲ್ಲಾ ಎಂಬುದು ಆಗ ಇನ್ನೂ ಚೆನ್ನಾಗಿ ಅರಿವಾಯಿತು.

ಮೇಧಾಳ "ಅಂಡಿ" ಬಹಳ ದಿನ ಉಳಿಯಲಿಲ್ಲ. ಮಕ್ಕಳಿಗೆ ಅಷ್ಟು ಕಾಲ ಸಿಟ್ಟು ಹಿಡಿದಿಡಲು ಪುರುಸೊತ್ತೆಲ್ಲಿ? ಯುಗಾದಿಯ ಹೊತ್ತಿಗೆ ಯಾವುದೋ ಲೆಕ್ಕ ಬಾರದೆ, "ಅಪ್ಪಾ, ಇದು ಹೆಂಗೆ ಮಾಡಾದು?" ಎಂದು ಪುಸ್ತಕ ತಂದು ಅವನ ಮುಂದೆ ಹಿಡಿದಳು. ಅವನು ಪೆನ್ಸಿಲ್ ತೆಗೆದುಕೊಂಡು ಹೇಳಿಕೊಟ್ಟ. ಶ್ರಾವಣಿಯೂ ಮತ್ತೆ ಮನೆಗೆ ಬರತೊಡಗಿದಳು. ಎರಡು ವರ್ಷದ ಮೇಲೆ ಮೈಸೂರಿಗೆ ವರ್ಗವಾಯಿತು.

ಆದರೆ ಒಂದು ಮಾತ್ರ ಮೊದಲಿನಂತಾಗಲಿಲ್ಲ. ಮೈಸೂರಿನ ಮನೆಗೆ ಬಂದ ನೆಂಟರೋ ಅವಳ ಗೆಳತಿಯರೋ ಅವನ ಎತ್ತರ ನೋಡಿ, "ನಿಮ್ಮಪ್ಪ ಬಾಸ್ಕೆಟ್‌ಬಾಲ್ ಆಡ್ತಿದ್ರಾ?" ಎಂದು ಕೇಳುವುದುಂಟು. ಹಿಂದಾಗಿದ್ದರೆ ಅವಳು ಲಿಫ್ಟು, ಮೆಟ್ಟಿಲು ಎನ್ನದೆ ಸಾರಿಬಿಡುತ್ತಿದ್ದಳು. ಈಗ ಅವಳು ತಕ್ಷಣ ಉತ್ತರ ಕೊಡುವುದಿಲ್ಲ. ಮೊದಲು ತಿರುಗಿ ಅಪ್ಪನ ಮುಖ ನೋಡುತ್ತಾಳೆ, ಇವತ್ತು ಇವರು ಏನು ಹೇಳುತ್ತಾರೋ ಎಂಬಂತೆ. ಆ ನೋಟದಲ್ಲಿ ದೂರಿಲ್ಲ, ಒಂದಿಷ್ಟು ಎಚ್ಚರಿಕೆ ಅಷ್ಟೇ. ಧನಂಜಯ ಆಗ ಕೈಯಲ್ಲಿದ್ದ ಕೆಲಸ ಬಿಟ್ಟು, "ಹೂಂ, ಆಡ್ತಿದ್ದೆ. ಅಷ್ಟೇನೂ ಚೆನ್ನಾಗಿ ಅಲ್ಲ" ಎಂದು ಬೇಗ ಬೇಗ ಹೇಳಿಬಿಡುತ್ತಾನೆ. ಅವಳು ಮುಖ ತಿರುಗಿಸಿಕೊಳ್ಳುವವರೆಗೂ ಅವನಿಗೆ ಎಲ್ಲಿ ನೋಡಬೇಕೆಂದು ತಿಳಿಯುವುದಿಲ್ಲ.